ಏಳನೇ ಸಿಡಿಯಲ್ಲಿ ತಾತ ಇಲ್ಲ

ಹದಿನಾರು ಸಿಡಿಯ ಡಬ್ಬವನ್ನು ನಾನೂರ ತೊಂಬತ್ತೊಂಬತ್ತು ರೂಪಾಯಿಗೆ ಮಾರುತ್ತಿದ್ದಾರೆ ಅಂದಾಗಲೇ ಶಶಿಕುಮಾರನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗುಂಡ್ಲುಪೇಟೆಯಲ್ಲಿ ಸ್ವಂತ ಮೈಕ್‌ಸೆಟ್ ಅಂಗಡಿ ಇಟ್ಟವನು ಅವನು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಅವತ್ತಿನಿಂದ ಹನ್ನೆರಡು ವರ್ಷ ಮದುವೆ, ತಿಥಿ, ಎಲೆಕ್ಷನ್ನು ಅಂತ ಹೋದಲ್ಲೆಲ್ಲ ಹಾರ್ನ್ ಕಟ್ಟಿ, ಬಾಕ್ಸ್ ಹೊತ್ತು, ಒಂದು ದನಿ ಕಿವಿಗೆ ಬಿದ್ದರೆ ಅದರಲ್ಲಿ ಬೇಸ್ ಎಷ್ಟು, ಟ್ರೆಬಲ್ ಎಷ್ಟು, ಎಕೋ ಯಾಕೆ ಬಂತು ಅಂತ ಹೇಳಬಲ್ಲವನಾಗಿದ್ದ. ಬೇರೆಯವರು ಸಾರಿನಲ್ಲಿ ಉಪ್ಪು ಕಮ್ಮಿ ಅಂತ ಸಿಟ್ಟಾದರೆ ಇವನು ಸ್ಪೀಕರಿನಲ್ಲಿ ಬೇಸ್ ಕಮ್ಮಿ ಅಂತ ಸಿಟ್ಟಾಗುವನು. ಸಿಟ್ಟು ಬರೋದಕ್ಕೆ ಅವನಿಗೆ ಕಾರಣ ಬೇಕೇ ಬೇಕು ಅಂತೇನೂ ಇರಲಿಲ್ಲ. ಸಿಕ್ಕಿದರೆ ಮಾತ್ರ ಬಿಡುತ್ತಿರಲಿಲ್ಲ.

ಅವತ್ತು ಭಾನುವಾರ, ಆಂಪ್ಲಿಫೈಯರಿನ ಯಾವುದೋ ಸಾಮಾನು ತರಲು ಚಾಮರಾಜನಗರಕ್ಕೆ ಹೋಗಿದ್ದವನು ಬಸ್‌ಸ್ಟ್ಯಾಂಡ್ ಹೊರಗಿನ ತಳ್ಳುಗಾಡಿ ಮುಂದೆ ನಿಂತುಬಿಟ್ಟ. ಮೊಬೈಲ್ ಕವರು, ಉಗುರು ಕತ್ತರಿ, ಸೊಳ್ಳೆ ಬ್ಯಾಟುಗಳ ನಡುವೆ ಆ ಡಬ್ಬ ಕೂತಿತ್ತು. 'ಸುನಾದ ಭಂಡಾರ: ಹಳೆಯ ಕಚೇರಿಗಳು, ಹೊಸದಾಗಿ ಶುದ್ಧೀಕರಿಸಿದ ದನಿಯಲ್ಲಿ'. ಮೇಲೆ ಒಂದು ವೀಣೆ, ವೀಣೆಯ ಹಿಂದೆ ಯಾವ ದೇಶದ್ದೋ ಒಂದು ಜಲಪಾತ. ಹಿಂದುಗಡೆ ತಿರುಗಿಸಿ ಪಟ್ಟಿ ಓದುತ್ತಾ ಹೋದವನಿಗೆ ಏಳನೇ ಸಾಲಿನಲ್ಲಿ ಕಣ್ಣು ನಿಂತಿತು. ಪಿಟೀಲು ವಿದ್ವಾನ್ ಗುರುಪಾದಸ್ವಾಮಿ, ಗಣಪತಿ ಪೆಂಡಾಲ್ ಕಚೇರಿ, ಚಾಮರಾಜನಗರ, 1986.

ಶಶಿ ಚೌಕಾಸಿ ಮಾಡಲಿಲ್ಲ. ಅವನ ಜೀವಮಾನದಲ್ಲಿ ಅದು ಮೊದಲನೇ ಸಲ. ಐನೂರು ಕೊಟ್ಟು, ಒಂದು ರೂಪಾಯಿ ಚಿಲ್ಲರೆಗೂ ಕಾಯದೆ, ಡಬ್ಬವನ್ನು ಹಸುಗೂಸಿನ ಹಾಗೆ ಎದೆಗವುಚಿಕೊಂಡು ಬಸ್ ಹತ್ತಿದ. ತೆರಕಣಾಂಬಿ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದವರಿಗೆಲ್ಲ ವಿಷಯ ಗೊತ್ತಾಗಿತ್ತು. ಇದರ ಒಳಗೆ ನಮ್ಮ ತಾತ ಇದ್ದಾನೆ.

ತಾತ ಅಂದರೆ ನಾಗಯ್ಯ. ಗುಂಡ್ಲುಪೇಟೆ ಪಕ್ಕದ ಹಂಗಳದವನು. ಕಂಡವರ ಹೊಲದಲ್ಲಿ ಕೂಲಿ ಮಾಡಿಕೊಂಡು ಬದುಕಿದವನು ಪಿಟೀಲು ಕಚೇರಿಗೆ ಯಾಕೆ ಹೋದ ಅಂದರೆ, ಅಲ್ಲಿ ಕೋಸಂಬರಿ ಪಾನಕ ಹಂಚುತ್ತಿದ್ದರು. ಯಾವುದೋ ಕೆಲಸಕ್ಕೆ ಅಂತ ಚಾಮರಾಜನಗರಕ್ಕೆ ಹೋದವನು ಪೆಂಡಾಲಿನೊಳಗೆ ನುಗ್ಗಿ, ಮೂರು ದೊನ್ನೆ ಕೋಸಂಬರಿ ತಿಂದು, ತಿಂದ ಋಣಕ್ಕೆ ಸ್ವಲ್ಪ ಹೊತ್ತು ಕೂತ. ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡ ಪೇಟದವನು. ವಿದ್ವಾಂಸರು ಕಣ್ಣು ಮುಚ್ಚಿಕೊಂಡು ಆಲಾಪನೆಯ ತುತ್ತತುದಿಗೆ ಏರಿ, ಅಲ್ಲಿ ಕಮಾನನ್ನು ಕೂದಲೆಳೆಯಷ್ಟು ಮೆಲ್ಲಗೆ ಎಳೆಯುತ್ತಿದ್ದಾಗ ನಾಗಯ್ಯ ಎಮ್ಮೆ ಹೊಡೆಯುವ ಗಂಟಲಿನಲ್ಲಿ ಕೂಗಿದ. "ಏಯ್ ಮುಂದ್ಲವ್ನೆ, ಪೇಟ ಬಿಚ್ಲಾ. ನಮ್ಗೂ ಕಣ್ಣವೆ."

ನಾಲ್ಕು ಸೆಕೆಂಡು. ಕಚೇರಿಯ ಕ್ಯಾಸೆಟ್ಟು ಹೊರಗೆ ಬಂದಾಗ ಆ ನಾಲ್ಕು ಸೆಕೆಂಡು ಹಾಗೇ ಒಳಗಿತ್ತು. ಗುಂಡ್ಲುಪೇಟೆಯ ಟೀ ಅಂಗಡಿಯೊಂದರಲ್ಲಿ ತನ್ನ ದನಿಯನ್ನು ತಾನೇ ಕೇಳಿದ ನಾಗಯ್ಯ ಟೀ ಅಲ್ಲೇ ಬಿಟ್ಟು ಹೋಗಿ ಕ್ಯಾಸೆಟ್ಟು ಕೊಂಡ. ಆಮೇಲೆ ಟೇಪ್‌ರೆಕಾರ್ಡರು ಕೊಂಡ. ಬದುಕಿರೋ ತನಕ ಮನೆಗೆ ಬಂದ ನೆಂಟರು, ಬೀಜ ಮಾರುವವರು, ಜನಗಣತಿ ಮೇಷ್ಟ್ರು ಯಾರೂ ಅದನ್ನು ಕೇಳದೆ ವಾಪಸ್ ಹೋಗಲಿಲ್ಲ. ಅವನು ಸತ್ತು ಹತ್ತೊಂಬತ್ತು ವರ್ಷ. ಉಳಿದಿರೋದು ಒಂದೇ ಫೋಟೊ, ಅದರಲ್ಲೂ ಕಣ್ಣು ಮುಚ್ಚಿದ್ದಾನೆ. ಅದೇ ಆ ನಾಲ್ಕು ಸೆಕೆಂಡಿನಲ್ಲಿ ಅವನು ಪೂರ್ತಿ ಎಚ್ಚರವಾಗಿದ್ದಾನೆ.

ಪ್ರತಿ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಬಾಡು, ಮುದ್ದೆ, ವಡೆ, ಒಂದು ಕಟ್ಟು ಬೀಡಿ ಎಲ್ಲ ಎಲೆ ಮೇಲೆ ಇಟ್ಟಾದ ಮೇಲೆ ಅಜ್ಜಿ ಪುಟ್ಟಸಿದ್ದಮ್ಮ ಕ್ಯಾಸೆಟ್ಟು ಹಾಕಿಸುತ್ತಿದ್ದಳು. ಮನೆಯವರೆಲ್ಲ ಕೈಮುಗಿದು ನಿಲ್ಲಬೇಕು. ಪಿಟೀಲು ಕುಯ್ಯುತ್ತಾ ಇರುತ್ತದೆ, ಬಾಡಿನ ಘಮಲು ಮೂಗಿಗೆ ಹೊಡೆಯುತ್ತಾ ಇರುತ್ತದೆ, ಹೊಟ್ಟೆ ಚುರುಗುಟ್ಟುತ್ತಾ ಇರುತ್ತದೆ. ತಾತ ಕೂಗಿದ ಅಂದರೆ ಬಂದ ಅಂತ ಅರ್ಥ. ಆಗ ಎಲ್ಲರೂ ಹೊರಗೆ ಬಂದು, ಹಿರಿಯರು ಉಂಡುಕೊಳ್ಳಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಮುಚ್ಚಬೇಕು. ಬೇರೆ ಮನೆಗಳಲ್ಲಿ ಹಿರಿಯರು ಸದ್ದಿಲ್ಲದೆ ಬಂದು ಹೋಗುತ್ತಾರೆ. ನಾಗಯ್ಯನ ಮನೆಯಲ್ಲಿ ಮಾತ್ರ ಕೂಗಿ ಬರುತ್ತಾನೆ. ಇದು ಹಂಗಳದಲ್ಲೆಲ್ಲ ಅಜ್ಜಿಗಿದ್ದ ಒಂದೇ ಒಂದು ಜಂಬ.

ಆ ಜಂಬವನ್ನು ಹದಿನೈದು ದಿನದ ಹಿಂದೆ ಶಶಿ ತಿಂದುಹಾಕಿದ್ದ. ಅವನಲ್ಲ, ಅವನ ಅಂಗಡಿಯ ಹಳೇ ಟೇಪ್ ಡೆಕ್ಕು. ಕ್ಯಾಸೆಟ್ಟು ಸವೆದುಹೋಗುವ ಮುಂಚೆ ಕಂಪ್ಯೂಟರಿಗೆ ಹಾಕಿಡೋಣ ಅಂತ ಒಳ್ಳೇ ಬುದ್ಧಿಯಲ್ಲಿ ಕೂತವನು. ಡೆಕ್ಕಿನ ರಬ್ಬರು ಬಿಸಿಲಿಗೆ ಅಂಟಾಗಿತ್ತು, ಟೇಪನ್ನು ಎಳೆದು ಎಳೆದು ಸುತ್ತಿಕೊಂಡಿತು. ಬಿಡಿಸಲು ಹೋದಾಗ ಶ್ಯಾವಿಗೆ ಹಾಗೆ ಉದುರಿತು. ಅವನು ಡೆಕ್ಕನ್ನು ಎತ್ತಿ ಚರಂಡಿಗೆ ಹಾಕಿದ. ಆಮೇಲೆ ಅದು ತನ್ನದೇ ಡೆಕ್ಕು ಅಂತ ನೆನಪಾಗಿ ಎತ್ತಿಕೊಂಡು ಬಂದ.

ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಎಲೆಅಡಿಕೆ ಜಗಿಯುತ್ತಾ ಒಂದೇ ಮಾತು ಹೇಳಿದಳು. ಎಡೆ ಹೊತ್ತಿಗೆ ನಿಮ್ಮ ತಾತ ಕೂಗಬೇಕು, ಕೂಗದೇ ಇದ್ದರೆ ಈ ಸಲ ನಾನು ಎಡೆ ಇಕ್ಕೋದಿಲ್ಲ, ಬರದೇ ಇರುವವನಿಗೆ ಯಾಕೆ ಬಡಿಸಲಿ. ಅವಳು ಎಡೆ ಇಕ್ಕಲಿಲ್ಲ ಅಂದರೆ ಮನೆಯಲ್ಲಿ ಯಾರೂ ಬಾಡು ಮುಟ್ಟುವ ಹಾಗಿಲ್ಲ. ಅಪ್ಪ ಶಿವಣ್ಣ ಮಗನನ್ನು ನೋಡಿದ ನೋಟಕ್ಕೆ ಸ್ಪೀಕರಿನ ಕಾಯಿಲ್ಲು ಸುಟ್ಟುಹೋಗಬೇಕಿತ್ತು.

ಈಗ ಎಡೆಗೆ ಇನ್ನು ಮೂರು ದಿನ ಇರುವಾಗ ಡಬ್ಬ ಸಿಕ್ಕಿದೆ. ಭಾನುವಾರ ಸಂಜೆಯೇ ಶಶಿ ಅಂಗಡಿಯ ಡಿವಿಡಿ ಪ್ಲೇಯರು, ಎರಡು ದೊಡ್ಡ ಸ್ಪೀಕರು ಹಂಗಳಕ್ಕೆ ಹೊತ್ತು ತಂದು ಪಡಸಾಲೆಯಲ್ಲಿ ಜೋಡಿಸಿದ. ಅಜ್ಜಿಯನ್ನು ಮಧ್ಯದಲ್ಲಿ ಕೂರಿಸಿದ. ಏಳನೇ ಸಿಡಿ ಹಾಕಿದ.

ಮೊದಲ ನಿಮಿಷದಲ್ಲೇ ಅವನ ಮುಖ ಕೆಂಪಾಯಿತು. ಕ್ಯಾಸೆಟ್ಟಿನಲ್ಲಿ ಪಿಟೀಲು ಸ್ವಲ್ಪ ಮಸುಕಾಗಿತ್ತು, ನಿಜ, ಆದರೆ ಮನುಷ್ಯರು ನುಡಿಸಿದ ಹಾಗಿತ್ತು. ಇದರಲ್ಲಿ ಯಾರೋ ಸ್ಟೀಲ್ ತಟ್ಟೆಯನ್ನು ಸ್ಟೀಲ್ ಸೌಟಿನಿಂದ ಕೆರೆಯುತ್ತಿದ್ದರು. ತಂಬೂರಿ ಸೊಳ್ಳೆಯಾಗಿತ್ತು. ಮೃದಂಗದ ಎಡಗೈ ಎಲ್ಲಿ ಹೋಯಿತೋ ಗೊತ್ತಿಲ್ಲ, ಬಲಗೈ ಮಾತ್ರ ತಗಡಿನ ಶೀಟಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಟಪಟಪ ಅನ್ನುತ್ತಿತ್ತು. ಸಾಲದು ಅಂತ ಎಲ್ಲದಕ್ಕೂ ಎಕೋ. ವಿದ್ವಾಂಸರು ಪಕ್ಕವಾದ್ಯದವರ ಸಮೇತ ಬಾವಿಗೆ ಬಿದ್ದು ಅಲ್ಲಿಂದ ಕಚೇರಿ ಮುಂದುವರಿಸಿದ್ದರು. ಕೆಮ್ಮಿಲ್ಲ, ಗುಸುಗುಸು ಇಲ್ಲ. ಅಷ್ಟು ದೊಡ್ಡ ಪೆಂಡಾಲಿನಲ್ಲಿ ಒಂದು ನರಪಿಳ್ಳೆಯೂ ಇದ್ದ ಗುರುತಿಲ್ಲ. ಈ ಕಂಪನಿಯವರಿಗೆ ಕಿವಿ ಅನ್ನೋದು ಕನ್ನಡಕ ಸಿಗಿಸಿಕೊಳ್ಳೋದಕ್ಕೆ ಮಾತ್ರ ಕೊಟ್ಟಿರೋದು ಅಂತ ಶಶಿ ಹಲ್ಲು ಕಡಿದ. ಅಜ್ಜಿ ಸುಮ್ಮನಿರು ಅಂತ ಕೈ ಮಾಡಿದಳು. ಆಲಾಪನೆ ಏರುತ್ತಿತ್ತು. ಇನ್ನೇನು ಬಂತು. ಅಜ್ಜಿ ಸೆರಗು ಸರಿ ಮಾಡಿಕೊಂಡಳು.

ತಾತ ಕೂಗುವ ಜಾಗದಲ್ಲಿ ಚಪ್ಪಾಳೆ ಬಂತು.

ಸಣ್ಣಪುಟ್ಟ ಚಪ್ಪಾಳೆಯಲ್ಲ. ಆಲಾಪನೆಯ ನಡುವೆ, ತಲೆಯಿಲ್ಲ ಬುಡವಿಲ್ಲ, ಒಂದು ಸಭಾಂಗಣ ತುಂಬಾ ಜನ ಎದ್ದು ನಿಂತು ತಟ್ಟಿದ ಹಾಗೆ. ಅದು ಮುಗಿದು ಮತ್ತೆ ಸೌಟು ತಟ್ಟೆ ಕೆರೆಯತೊಡಗಿತು.

ಅಜ್ಜಿ ಸ್ಪೀಕರಿನ ಹಿಂದೆ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು. "ನಿಮ್ ತಾತನ್ನ ಆಚೆಗಾಕಿ ಚಪ್ಪಾಳೆ ತಟ್ಟುದ್ರಾ ಮಗ?"

ಶಶಿ ಡಬ್ಬದ ಮೂಲೆ ಮೂಲೆ ಹುಡುಕಿದ. ಜಲಪಾತದ ಬುಡದಲ್ಲಿ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ, ಧ್ವನಿ ಶುದ್ಧೀಕರಣ ನೀಲಕಂಠಸ್ವಾಮಿ, ಚಾಮರಾಜನಗರ ಅಂತ ಇತ್ತು, ಜೊತೆಗೊಂದು ಫೋನ್ ನಂಬರು. ಫೋನು ಮಾಡಿದರೆ ಆ ಕಡೆಯವರು ಏನು ಏನು ಅಂತ ಆರು ಸಲ ಕೇಳಿ, ನೀವೇ ಬನ್ನಿ ಅಂತ ವಿಳಾಸ ಹೇಳಿ ಇಟ್ಟರು. ಬರ್ತೀನಿ, ಬರದೆ ಏನು, ಅಂತ ಶಶಿ ಸತ್ತ ಫೋನಿಗೆ ಹೇಳಿದ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು. ಇಡೀ ದಾರಿ ಅವನು ಬೈಗುಳಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡ. ಚಾಮರಾಜನಗರದಲ್ಲಿ ಇಳಿದು ವಿಳಾಸ ಹುಡುಕಿ ಬಾಗಿಲು ಬಡಿದರೆ, ತೆಗೆದವರು ಅಂಗಿಯ ಮೇಲುಗುಂಡಿಯನ್ನೂ ಹಾಕಿಕೊಂಡ, ಅರವತ್ತೆಂಟು ದಾಟಿದ, ಗುಬ್ಬಚ್ಚಿಯಂಥ ಒಬ್ಬ ಯಜಮಾನರು. ಎರಡೂ ಕಿವಿಗೆ ಮೆಷಿನ್ನು. ಶಶಿ ಜೋಡಿಸಿಕೊಂಡು ಬಂದದ್ದೆಲ್ಲ ಆ ಮೆಷಿನ್ನು ನೋಡಿ ಕುಸಿಯಿತು. ಕೇಳಿಸದವರಿಗೆ ಬೈದು ಏನು ಸುಖ.

ನೀಲಕಂಠಸ್ವಾಮಿ ಅವನನ್ನು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ತಮ್ಮ ಕಥೆ ತಾವೇ ಶುರು ಮಾಡಿದರು. ಅವರು ಮೂವತ್ತೊಂದು ವರ್ಷ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರಂತೆ, ಊರೂರು ತಿರುಗಿ ಕೆಮ್ಮುವವರನ್ನು ಹುಡುಕಿ ಕಫದ ಪರೀಕ್ಷೆ ಮಾಡಿಸುವ ಕೆಲಸ. ಮೂವತ್ತೊಂದು ವರ್ಷ ಕೆಮ್ಮು ಕೇಳಿ ಕೇಳಿ ಸಾಕಾಗಿತ್ತು. ರಿಟೈರಾದ ಮೇಲೆ ಸಂಗೀತ ಕೇಳೋಣ ಅಂತ ಕೂತರೆ ಅಲ್ಲೂ ಕೆಮ್ಮು. ಅದಕ್ಕೇ ಕಂಪ್ಯೂಟರು ಕಲಿತೆ ಅಂದರು. ಯಾವುದೋ ಕಂಪನಿಯವರಿಗೆ ಒಂದು ಸಿಡಿಗೆ ಇಷ್ಟು ಅಂತ ಮಾಡಿಕೊಡುತ್ತಾರೆ. ಹದಿನಾರು ಸಿಡಿಯನ್ನೂ ಅವರೊಬ್ಬರೇ, ಇದೇ ಕುರ್ಚಿಯಲ್ಲಿ ಕೂತು.

ಕೇಳಿಸದೆ ಹೇಗೆ ಮಾಡುತ್ತೀರಿ ಅಂತ ಶಶಿ ಕೂಗಿ ಕೇಳಿದ.

"ಕೇಳಿಸ್ಕೊಳ್ಳೋದು ಯಾಕಪ್ಪ," ಅಂದರು ಅವರು ಪ್ರೀತಿಯಿಂದ. "ನೋಡ್ಕೊಂಡು ಮಾಡ್ತೀನಿ."

ಪರದೆಯ ಮೇಲೆ ದನಿ ಹಸಿರು ಬಣ್ಣದಲ್ಲಿ ಬೆಟ್ಟಸಾಲಿನ ಹಾಗೆ ಹರಡಿಕೊಂಡಿತ್ತು. ಅವರ ವಿಧಾನ ಸರಳ. ಬೆಟ್ಟಗಳೆಲ್ಲ ಒಂದೇ ಎತ್ತರಕ್ಕಿರಬೇಕು. ನಡುವೆ ಯಾವುದಾದರೂ ಒಂದು ತಲೆ ಎತ್ತಿದರೆ ಅದು ಕೆಮ್ಮು, ಸೀನು, ಇಲ್ಲ ಯಾರೋ ಪಾತ್ರೆ ಬೀಳಿಸಿದ್ದು. ಅದನ್ನು ಕತ್ತರಿಸಬೇಕು. ಕೊನೆಗೆ ತಮ್ಮ ಕಿವಿಗೆ ಕೇಳಿಸುವ ತನಕ ಟ್ರೆಬಲ್ ಏರಿಸಬೇಕು. ಸೌಟು ತಟ್ಟೆಯ ಗುಟ್ಟು ಶಶಿಗೆ ಆಗ ಗೊತ್ತಾಯಿತು. ಹದಿನಾರು ಸಿಡಿ, ಹತ್ತಾರು ವಿದ್ವಾಂಸರು, ಎಲ್ಲರೂ ಈ ಎರಡು ಕಿವಿಯ ಅಳತೆಗೆ ಹೊಲಿಸಿಕೊಂಡಿದ್ದರು. ಏಳನೇ ಕಚೇರಿಯಲ್ಲಿ ಒಂದು ಕಡೆ ಭಾರೀ ಬೆಟ್ಟ ಇತ್ತು ಅಂತ ಅವರೇ ನೆನಪು ಮಾಡಿಕೊಂಡರು. ಅಷ್ಟು ದೊಡ್ಡದನ್ನು ಅವರು ಬೇರೆಲ್ಲೂ ನೋಡಿರಲಿಲ್ಲ. ಕಿತ್ತ ಮೇಲೆ ಹಳ್ಳ ಬಿತ್ತು, ಹಳ್ಳಕ್ಕೆ ಚಪ್ಪಾಳೆ ತುಂಬಿದರು.

ಯಾರ ಚಪ್ಪಾಳೆ ಅಂತ ಕೇಳಿದ್ದಕ್ಕೆ ಯಜಮಾನರು ಸ್ವಲ್ಪ ನಾಚಿಕೊಂಡರು. ಅವರ ಬೀಳ್ಕೊಡುಗೆ ಸಮಾರಂಭದ್ದು. ಆಫೀಸಿನವರು ವಿಡಿಯೊ ಮಾಡಿಸಿದ್ದರು. ಹದಿನಾರು ಸಿಡಿಯಲ್ಲೂ ಎಲ್ಲೆಲ್ಲಿ ಚಪ್ಪಾಳೆ ಇದೆಯೋ ಅದೆಲ್ಲ ಅವರು ರಿಟೈರಾಗಿದ್ದಕ್ಕೆ ತಟ್ಟಿದ್ದು.

ಶಶಿ ಎದ್ದು ನಿಂತು, ನೀವು ಕಿತ್ತ ಬೆಟ್ಟ ನಮ್ಮ ತಾತ ಅಂದ. ಮೂರು ಸಲ ಅಂದ ಮೇಲೆ ಅವರಿಗೆ ಅರ್ಥವಾಯಿತು. ಅರ್ಥವಾದ ತಕ್ಷಣ ಆ ಮುದುಕರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಕಂಪ್ಯೂಟರಿನಲ್ಲಿ 'ಕಸ' ಅಂತ ಹೆಸರಿದ್ದ ಒಂದು ಫೋಲ್ಡರು ತೆಗೆದರು. ಸರ್ಕಾರಿ ಕೆಲಸ ಮಾಡಿದವರು, ಯಾವುದನ್ನೂ ಎಸೆದು ಅಭ್ಯಾಸವಿಲ್ಲ. ಪ್ರತಿ ಕಚೇರಿಯಿಂದ ಸೋಸಿ ತೆಗೆದ ಸದ್ದನ್ನೆಲ್ಲ, ಸಂಗೀತ ಬಿಟ್ಟು ಮಿಕ್ಕಿದ್ದೆಲ್ಲವನ್ನೂ, ಬೇರೆ ಬೇರೆ ಕಡತ ಮಾಡಿ ಇಟ್ಟಿದ್ದರು. ಏಳನೇ ಕಚೇರಿ: ಕೆಮ್ಮು ಇನ್ನೂರ ಹದಿನೇಳು, ಸೀನು ಮೂವತ್ನಾಲ್ಕು, ಮಗುವಿನ ಅಳು ಆರು, ಇತರೆ ಹನ್ನೊಂದು. ತಾತ ಇತರೆಯಲ್ಲಿದ್ದ.

ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ಶಶಿ ಕೈ ಮುಂದೆ ಮಾಡಿದ. ನೀಲಕಂಠಸ್ವಾಮಿ ತಲೆಯಾಡಿಸಿದರು. ಸುಮ್ಮನೆ ಕೊಡಲು ಬರೋದಿಲ್ಲ. ಅವರ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ಕು ಇತ್ತು, ಕೇಳುಗರ ಅಭಿಪ್ರಾಯ ಅಂತ ಹಾಳೆ ಅಂಟಿಸಿದ್ದು. ಮೂರು ವರ್ಷವಾದರೂ ಅದರಲ್ಲಿ ಒಂದು ಸಾಲು ಬಿದ್ದಿರಲಿಲ್ಲ, ಯಾಕೆಂದರೆ ಡಬ್ಬ ಕೊಂಡವರಲ್ಲಿ ಮನೆ ತನಕ ಬಂದವನು ಇವನೊಬ್ಬನೇ. ಅಭಿಪ್ರಾಯ ಬರೆದರೆ ಕಸ ಕೊಡುತ್ತೇನೆ ಅಂದರು. ಅವರ ಕಣ್ಣಲ್ಲಿ ಬರೀ ಆಸೆ ಇತ್ತು, ಕಳ್ಳಬುದ್ಧಿ ಒಂದಿಷ್ಟೂ ಇರಲಿಲ್ಲ, ಅದೇ ಶಶಿಗೆ ಇನ್ನೂ ಸಿಟ್ಟು ತರಿಸಿತು.

ಅವನು ಪೆನ್ನು ಹಿಡಿದ. ಪರೀಕ್ಷೆಯಲ್ಲೂ ಅವನಿಗೆ ಅಷ್ಟು ಬೆವರು ಬಂದಿರಲಿಲ್ಲ. ಬೇಸ್ ಎಲ್ಲಿ ಅಂತ ಬರೆಯಬೇಕು ಅಂತ ಕೈ ತುಡಿಯಿತು. ಪಡಸಾಲೆಯಲ್ಲಿ ಸೆರಗು ಸರಿ ಮಾಡಿಕೊಂಡು ಕಾದ ಅಜ್ಜಿ ಕಣ್ಣಿಗೆ ಬಂದಳು. ಹಲ್ಲು ಕಚ್ಚಿ, ದುಂಡಗೆ ಬರೆದ. 'ಧ್ವನಿ ಬಹಳ ಶುದ್ಧವಾಗಿದೆ. ಒಂದು ಕೆಮ್ಮೂ ಇಲ್ಲ. ಶಶಿಕುಮಾರ, ಮೈಕ್‌ಸೆಟ್, ಗುಂಡ್ಲುಪೇಟೆ.' ಯಜಮಾನರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಪೆನ್‌ಡ್ರೈವ್ ಜೊತೆಗೆ ಎರಡು ಬಾಳೆಹಣ್ಣನ್ನೂ ಕೊಟ್ಟು ಕಳಿಸಿದರು.

ಬುಧವಾರ ಎಡೆ. ಪಡಸಾಲೆ ಸಾರಿಸಿ, ಗೋಡೆಗೆ ಒರಗಿಸಿದ ಕಣ್ಣು ಮುಚ್ಚಿದ ಫೋಟೊಗೆ ಹೂ ಹಾಕಿ, ಅವ್ವ ಕುಮಾರಿ ಬೆಳಗಿನಿಂದ ಬೇಯಿಸಿದ್ದನ್ನೆಲ್ಲ ಅಜ್ಜಿ ತಾನೇ ಕೈಯಾರೆ ಎಲೆಗೆ ಬಡಿಸಿದಳು. ಮುದ್ದೆಯ ಪಕ್ಕ ಬೀಡಿ ಕಟ್ಟು. ಈ ಸಲ ತಾತ ಕೂಗುತ್ತಾನೋ ಇಲ್ಲವೋ ಅಂತ ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಎಡೆಯನ್ನು ಬೇಗ ಮುಗಿಸಿಕೊಂಡು ಬಂದು ಜಗಲಿಯಲ್ಲಿ ನಿಂತಿದ್ದರು. ಶಶಿ ಸ್ಪೀಕರಿನ ವಯರು ಮೂರು ಸಲ ಎಳೆದು ನೋಡಿದ.

ಕಸ ಶುರುವಾಯಿತು.

ಸಂಗೀತ ತೆಗೆದ ಕಚೇರಿ ಹೇಗಿರುತ್ತೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಕೆಮ್ಮು. ಗಂಡಸರ ಕೆಮ್ಮು, ಹೆಂಗಸರ ಕೆಮ್ಮು, ಕೆಮ್ಮಿಗೆ ಉತ್ತರವಾಗಿ ಇನ್ನೊಂದು ಕೆಮ್ಮು. ಯಾವುದೋ ಕೂಸು ಅತ್ತಿತು, ಯಾರೋ ಶ್ ಅಂದರು, ಶ್ ಅಂದವರೇ ಸೀನಿದರು. ಒಂದು ಚೊಂಬು ಬಿದ್ದು ಮೆಟ್ಟಿಲ ಮೇಲೆ ಉರುಳಿಕೊಂಡು ಹೋಯಿತು, ಅದು ನಿಲ್ಲುವ ತನಕ ಪಡಸಾಲೆಯಲ್ಲಿ ಎಲ್ಲರೂ ಅದರ ದಾರಿ ನೋಡಿದರು. ಜಗಲಿಯಲ್ಲಿದ್ದ ಮುದುಕ ಶಿವಸ್ವಾಮಿ ಒಂದು ಕೆಮ್ಮು ಕೇಳಿ, ಅದು ನಮ್ಮಣ್ಣಂದು ಕಣ್ರಪ್ಪ ಅಂದ. ಅವನ ಪಕ್ಕದಲ್ಲಿದ್ದ ರಂಗರಾಜು, ನಿಮ್ಮಣ್ಣ ಎಲ್ಲಿಂದ ಬಂದ, ಅದು ನಮ್ಮಪ್ಪಂದು, ನಮ್ಮಪ್ಪ ಕೆಮ್ಮಿದರೆ ಕೊನೆಗೆ ಒಂದು ಗೊರಕ್ ಅನ್ನೋ ಸದ್ದು ಬರ್ತಿತ್ತು ಅಂದ. ಒಂದು ಕೆಮ್ಮಿಗೆ ಇಬ್ಬರು ವಾರಸುದಾರರಾಗಿ ಮಾತು ಏರುವ ಹೊತ್ತಿಗೆ ತಾತ ಬಂದ.

"ಏಯ್ ಮುಂದ್ಲವ್ನೆ, ಪೇಟ ಬಿಚ್ಲಾ. ನಮ್ಗೂ ಕಣ್ಣವೆ."

ಅಷ್ಟು ಸ್ಪಷ್ಟವಾಗಿ ಅವನು ಬದುಕಿದ್ದಾಗಲೂ ಕೂಗಿರಲಿಲ್ಲ. ಪಿಟೀಲಿನ ಅಡ್ಡಿಯಿಲ್ಲ, ಟೇಪಿನ ಗೊರಗೊರ ಇಲ್ಲ. ಪಕ್ಕದಲ್ಲೇ ಕೂತು ಉಗುಳು ಹಾರಿಸಿದ ಹಾಗೆ. ಅಜ್ಜಿಯ ಕಣ್ಣಿಂದ ನೀರು ಇಳಿಯಿತು. ಅವ್ವ ಕೈಮುಗಿದಳು. ಹೊಟ್ಟೆಗಿಲ್ಲದೆ ನಿಂತಿದ್ದ ಅಪ್ಪ ಕೂಡ ಮಗನ ಬೆನ್ನು ತಟ್ಟಿದ. ಅದರ ಸುಖದಲ್ಲಿ ಶಶಿ ಪ್ಲೇಯರು ನಿಲ್ಲಿಸೋದನ್ನು ಮರೆತ.

ಸ್ಪೀಕರಿನೊಳಗೆ ಒಬ್ಬಳು ಕಿಸಕ್ಕನೆ ನಕ್ಕಳು. ಮೂವತ್ತೆಂಟು ವರ್ಷ ಪಿಟೀಲಿನ ಅಡಿಯಲ್ಲಿ ಮುಚ್ಚಿಹೋಗಿದ್ದ ದನಿ, ಎಳೇ ದನಿ, ತಾತನ ಭುಜಕ್ಕೇ ಅಂಟಿಕೊಂಡು ಕೂತ ಹಾಗೆ ಹತ್ತಿರ. "ಸುಮ್ನಿರಿ, ಎಲ್ಲಾ ನಮ್ಮನ್ನೇ ನೋಡ್ತಾವ್ರೆ. ತಕಳಿ, ಕಡ್ಲೆಪುರಿ ತಿನ್ನಿ." ಅದಕ್ಕೆ ತಾತ ಎಮ್ಮೆ ಹೊಡೆಯುವ ಗಂಟಲು ಬಿಟ್ಟು, ಮನೆಯಲ್ಲಿ ಯಾರೂ ಯಾವತ್ತೂ ಕೇಳದ ಒಂದು ಬೆಣ್ಣೆಯಂಥ ಗಂಟಲಲ್ಲಿ, "ನೀನೂ ತಿನ್ನು," ಅಂದ.

ಕೆಮ್ಮು ಮುಂದುವರಿಯಿತು.

"ಅಜ್ಜಿ, ನಿನ್ ದನಿ," ಅಂದ ಶಶಿ ಹಲ್ಲು ಕಿರಿದು. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಅಜ್ಜಿ ಕಣ್ಣೊರೆಸಿಕೊಂಡಳು. "ನಂಗೆ ಅವತ್ತು ಚಳಿಜ್ವರ ಕಣ್ಲಾ," ಅಂದಳು. "ಮಾತ್ರೆ ತತ್ತೀನಿ ಅಂತ ಓಗಿದ್ದ."

ಜಗಲಿಯಲ್ಲಿ ಕೆಮ್ಮಿನ ಜಗಳ ತಾನಾಗಿ ನಿಂತಿತು. ಅಜ್ಜಿ ಬಗ್ಗಿ ಎಲೆಯಿಂದ ಮೊದಲು ಬೀಡಿ ಕಟ್ಟು ತೆಗೆದಳು. ಆಮೇಲೆ ವಡೆ ತೆಗೆದಳು. ಬಾಡಿನ ಬಟ್ಟಲಿಗೆ ಕೈ ಹಾಕಿದವಳು ಒಂದು ಗಳಿಗೆ ಯೋಚಿಸಿ, ಅದನ್ನು ಅಲ್ಲೇ ಬಿಟ್ಟು, ಎಲ್ಲರೂ ಆಚೆಗೆ ನಡೀರಿ ಅಂದಳು. ಬಾಗಿಲು ಮುಚ್ಚುವ ಹೊತ್ತು ಸರಿ, ಆದರೆ ಮುಚ್ಚುವವರೂ ಹೊರಗೇ ಇರಬೇಕು, ಅದು ಪದ್ಧತಿ. ಅಜ್ಜಿ ಒಳಗೇ ಉಳಿದು ಅಗುಳಿ ಹಾಕಿಕೊಂಡಳು.

ಹೊರಗೆ ಅಪ್ಪ ಶಶಿಯ ಕತ್ತಿನ ಪಟ್ಟಿ ಹಿಡಿದ. ಆ ಚಾಮರಾಜನಗರದ ಪುಣ್ಯಾತ್ಮ ಹಿಂದುಮುಂದು ನೋಡಿಯೇ ತೆಗೆದಿದ್ದ, ನೀನು ಹೋಗಿ ಅಗೆದುಕೊಂಡು ಬಂದೆ, ಅಂಥ ಒಳ್ಳೇ ಚಪ್ಪಾಳೆ ಹಾಕಿ ಮುಚ್ಚಿದ್ದನಲ್ಲೋ ಅಂದ. ಶಶಿಗೆ ಯಾರ ಮೇಲೆ ಸಿಟ್ಟಾಗಬೇಕು ಅಂತ ಗೊತ್ತಾಗಲಿಲ್ಲ. ತಾತನ ಮೇಲೆ ಆಗೋಣ ಅಂದರೆ ತಾತ ಒಳಗೆ ಬೈಸಿಕೊಳ್ಳುತ್ತಿದ್ದ.

ಬೈಸಿಕೊಳ್ಳುತ್ತಿದ್ದದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ಬಸ್ಸು ತಪ್ಪೋಯ್ತು ಅಂದೆ, ಪೆಂಡಾಲಲ್ಲಿ ಒಬ್ಬನೇ ಮುದುರಿಕೊಂಡು ಮಲಗಿದ್ದೆ ಅಂದೆ, ಬೆಳಿಗ್ಗೆ ಬಂದು ನನ್ನ ಕೈಲೇ ಬಿಸಿನೀರು ಕಾಯಿಸಿಕೊಂಡೆ. ಬೇಗೂರಿಂದ ಕಳೆ ಕೀಳಲು ಬರುತ್ತಿದ್ದ ಶಿವರುದ್ರಮ್ಮನ ಹೆಸರು ಬಂತು. ಅವಳ ನಗು ಹೀಗಿರಲಿಲ್ಲ ಅಂತ ಅಜ್ಜಿಯೇ ಅವಳನ್ನು ಬಿಟ್ಟಳು. ಕುದೇರಿನ ಸಣ್ಣಮ್ಮನ ಹೆಸರು ಬಂತು. ಅವಳನ್ನು ಬಿಡಲಿಲ್ಲ, ಹಿಡಿದುಕೊಂಡಳು. ಆಮೇಲೆ ಬಟನ್ ಒತ್ತಿದ ಸದ್ದು. ಎಪ್ಪತ್ತಾರು ವರ್ಷದ ಅಜ್ಜಿ, ಮೊಮ್ಮಗನ ಕೈ ನೋಡಿಯೇ ಪ್ಲೇಯರು ಹಿಂದಕ್ಕೆ ಓಡಿಸೋದು ಕಲಿತುಬಿಟ್ಟಿದ್ದಳು. ತಾತ ಮತ್ತೆ ಕೂಗಿದ, ಅವಳು ಮತ್ತೆ ನಕ್ಕಳು, ಬೆಣ್ಣೆ ಗಂಟಲು ಮತ್ತೆ ಬಂತು. ಅಜ್ಜಿ ಮತ್ತೆ ಮೊದಲಿಂದ. ಹತ್ತೊಂಬತ್ತು ವರ್ಷದಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ರಂಗರಾಜು ಮೆಲ್ಲಗೆ, ದಂಪತಿಗಳ ನಡುವೆ ನಾವ್ಯಾಕೆ ಅಂದ, ಆದರೆ ಕದಲಲಿಲ್ಲ. ಅವರವರ ಮನೆಗಳ ಅಡುಗೆ ತಣ್ಣಗಾಗುತ್ತಿತ್ತು, ಅದಕ್ಕೂ ಯಾರೂ ಕದಲಲಿಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ಒಳಗೆ ಸದ್ದು ನಿಂತಿತು. ಒಂದು ತಟ್ಟೆ ಸರಿದ ಹಾಗಾಯಿತು. ಬಾಗಿಲು ತೆರೆಯಿತು. ಅಜ್ಜಿಯ ಮುಖ ಎಣ್ಣೆ ಸ್ನಾನ ಮಾಡಿ ಬಂದವಳ ಹಾಗೆ ಹಗುರಾಗಿತ್ತು. ಎಲೆಯ ಮೇಲೆ ವಡೆ ಮತ್ತೆ ಬಂದಿತ್ತು. ಬೀಡಿ ಬಂದಿರಲಿಲ್ಲ.

"ಬಂದಿದ್ದ," ಅಂದಳು. "ತಿಂದ. ಬಾಯಿ ಬುಡ್ಲಿಲ್ಲ."

ಎಲ್ಲರೂ ಉಸಿರು ಬಿಟ್ಟು ಎಲೆ ಹಾಕಿಕೊಂಡು ಸಾಲಾಗಿ ಕೂತರು. ಅಜ್ಜಿ ಮಾತ್ರ ಕೂರಲಿಲ್ಲ. ಶಶಿಯ ಮುಂದೆ ನಿಂತು, ಮುಂದಿನ ವರ್ಷದ ಎಡೆಗೆ ಇದು ಹೀಗೇ ಆಗಬಾರದು ಅಂದಳು. ಅವನ ಕೂಗು ಇರಲಿ, ಅದಿಲ್ಲದೆ ಅವನು ಬರೋದಿಲ್ಲ. ಪಿಟೀಲನ್ನೂ ಮೊದಲಿನ ಹಾಗೆ ಸೇರಿಸು, ಅದಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೂತ ಹಾಗಾಗುತ್ತೆ. ಆದರೆ ಅವಳನ್ನು ತೆಗಿ. ಶಶಿ ಅನ್ನದ ತುತ್ತು ಹಾಗೇ ಹಿಡಿದುಕೊಂಡು, ರೆಕಾರ್ಡಿಂಗ್ ಅನ್ನೋದು ಹೇಗಿದೆಯೋ ಹಾಗಿರಬೇಕು, ಅದನ್ನು ತಿದ್ದೋದು ದ್ರೋಹ, ನಾನು ಅದಕ್ಕೇ ತಾನೇ ಅಷ್ಟು ದೂರ ಹೋಗಿ ಜಗಳವಾಡಿದ್ದು ಅಂತ ಹೇಳಿದ. ಅಜ್ಜಿ ಅವನ ಎಲೆಯ ಬಾಡಿನ ಬಟ್ಟಲಿನ ಕಡೆ ಕೈ ಚಾಚಿದಳು. ಶಶಿ ಬಟ್ಟಲನ್ನು ಎರಡೂ ಕೈಯಿಂದ ಮುಚ್ಚಿಕೊಂಡು, ಆಯಿತು ತೆಗೀತೀನಿ, ಆದರೆ ಅಲ್ಲಿ ಹಳ್ಳ ಬೀಳುತ್ತೆ, ಹಳ್ಳ ಬಿಟ್ಟರೆ ಕೇಳೋದಕ್ಕೆ ಅಸಹ್ಯ ಅಂದ.

"ಹಳ್ಳಕ್ಕೆ ನಾ ಮಾತಾಡ್ತೀನಿ," ಅಂದಳು ಅಜ್ಜಿ. "ಮೈಕ್ ತತ್ತಾ."

ಅಪ್ಪ ತಲೆ ಎತ್ತದೆ, ತಂದುಕೊಟ್ಟುಬಿಡು ಅಂತ ಎಡಗೈ ಸನ್ನೆ ಮಾಡಿದ. ಶಶಿ ಎಂಜಲು ಕೈ ತೊಳೆದು ಬಂದು, ಲ್ಯಾಪ್‌ಟಾಪಿಗೆ ಏಳನೇ ಸಿಡಿಯ ಪಿಟೀಲು ಹಾಕಿ, ಅದರ ಟ್ರೆಬಲ್ ಇಳಿಸಿ, ಚಪ್ಪಾಳೆ ಕಿತ್ತು, ತಾತನನ್ನು ಕೂರಿಸಿ, ಕಡ್ಲೆಪುರಿಯವಳನ್ನು ಕತ್ತರಿಸಿದ. ತಾನು ಪರದೆ ನೋಡಿಕೊಂಡು ಕತ್ತರಿಸುತ್ತಿದ್ದೇನೆ ಅಂತ ಅವನಿಗೆ ಗೊತ್ತಾಯಿತು. ಗೊತ್ತಾಗದ ಹಾಗೆ ಇದ್ದ. ಸ್ಟ್ಯಾಂಡಿಗೆ ಮೈಕು ಸಿಕ್ಕಿಸಿ ಅಜ್ಜಿಯ ಬಾಯಿಯ ಎತ್ತರಕ್ಕೆ ಇಳಿಸಿದ. ಅಜ್ಜಿ ಮೈಕನ್ನು ಉಫ್ ಉಫ್ ಅಂತ ಊದಿ ನೋಡಿದಳು.

"ಎಷ್ಟೊತ್ತೈತೆ ನಂಗೆ?"

"ಆರು ಸೆಕೆಂಡು ಅಜ್ಜಿ. ಆಮೇಲೆ ಪಿಟೀಲು ಜೋರಾಗ್ತದೆ."

ಅಜ್ಜಿ ಬೆರಳು ಮಡಚಿ ಆರು ಎಣಿಸಿದಳು. ನಲವತ್ತು ವರ್ಷದ ಸಂಸಾರವನ್ನು ಆ ಆರು ಬೆರಳಿಗೆ ಹೇಗೆ ತುರುಕೋದು ಅಂತ ಸ್ವಲ್ಪ ಹೊತ್ತು ನೋಡಿದಳು.

"ಆ ಪಿಟೀಲಯ್ಯನ್ನ ತಗ್ದಾಕು," ಅಂದಳು. "ಜಾಗ ಆಯ್ತದೆ."

ಶಶಿ ವಿದ್ವಾನ್ ಗುರುಪಾದಸ್ವಾಮಿಗಳನ್ನು ಆಲಾಪನೆಯ ಸಮೇತ, ಪಕ್ಕವಾದ್ಯದವರ ಸಮೇತ, ಮುಂದಿನ ಎರಡು ಕೀರ್ತನೆಗಳ ಸಮೇತ ತೆಗೆದುಹಾಕಿದ. ಇಪ್ಪತ್ತೇಳು ನಿಮಿಷ ಜಾಗವಾಯಿತು. ಕೆಂಪು ಬಟನ್ ಒತ್ತಿ ಕೈ ಸನ್ನೆ ಮಾಡಿದ. ಅಜ್ಜಿ ಮಾತು ಶುರು ಮಾಡಿದಳು, ಮತ್ತು ಸಾಲಿನಲ್ಲಿ ಕೂತು ಉಣ್ಣುತ್ತಿದ್ದ ಅಪ್ಪ, ತನ್ನ ಸದ್ದು ಅದರೊಳಗೆ ಹೋಗಬಾರದು ಅಂತ, ಬಾಯಲ್ಲಿದ್ದ ಮೂಳೆ ಕಡಿಯೋದನ್ನು ನಿಲ್ಲಿಸಿದ.